ಲಾಲ್‌ಬಾಗಿನ ಹೊಂಡ

ಮೊನ್ನೆ ನಮ್ಮ ಹಗರಿಬೊಮ್ಮನಹಳ್ಳಿಯ ಮನೆಗೆ ಪಕ್ಕದ ಓಣಿಯ ಸಾಲಿ ಮೇಡಂ ಒಂದು ಹಾಳೆ ಹಿಡಿದು ಬಂದರು. ಮಕ್ಕಳ ಪ್ರವಾಸದ ಪಟ್ಟಿ: ವಿಧಾನಸೌಧ, ಕಬ್ಬನ್ ಪಾರ್ಕು, ಟಿಪ್ಪು ಅರಮನೆ, ಲಾಲ್‌ಬಾಗು. "ಯಾವುದು ಮೊದಲು, ಯಾವುದು ಆಮ್ಯಾಲೆ, ನೀವ ಹೇಳ್ರಿ ಸರ್. ನೀವು ಬಲ್ಲವರು" ಅಂದರು. ನನಗೆ ಮೈಯೆಲ್ಲ ಉರಿಯಿತು. ಪಾಪ, ಅವರದೇನೂ ತಪ್ಪಿಲ್ಲ. ಈ ಉರಿ ಎಂಬತ್ತರ ದಶಕದ್ದು.

ಆಗ ನಾನು ಕೋಗಳಿಯಲ್ಲಿ ಮಾಸ್ತರ. ಸಾಲಿಯಿಂದ ಕೂಗಳತೆಯಲ್ಲಿ ಹಳೆಯ ಜೈನ ಬಸದಿ ಇತ್ತು. ಒಂದು ದಿನವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದವನಲ್ಲ. ರಾಜಧಾನಿಯ ಪಾಠ ಬಂದರೆ ಮಾತ್ರ ನನ್ನನ್ನು ಹಿಡಿಯುವವರಿರಲಿಲ್ಲ. ನಿಜ ಹೇಳಬೇಕೆಂದರೆ ಬೆಂಗಳೂರಿನ ಮುಖವನ್ನೇ ನಾನು ನೋಡಿರಲಿಲ್ಲ. ಹಾಗಂತ ಒಪ್ಪಿಕೊಂಡರೆ ಮಾಸ್ತರನಿಗೆ ಮರ್ಯಾದೆ ಉಳಿಯುತ್ತದೆಯೇ, ನೀವೇ ಹೇಳಿ. "ನಾನು ಹೋದಾಗ" ಎಂದೇ ಶುರುಮಾಡುತ್ತಿದ್ದೆ. ಪುಸ್ತಕದಲ್ಲಿದ್ದುದು ಮುಗಿದರೆ ಹಂಪಿಯ ಪುಷ್ಕರಣಿಯನ್ನೇ ಎತ್ತಿ ಲಾಲ್‌ಬಾಗಿನಲ್ಲಿಡುತ್ತಿದ್ದೆ. ಮೆಟ್ಟಿಲು ಕಟ್ಟಿದ ಹೊಂಡ, ತಿಳಿನೀರು, ಬಂದವರೆಲ್ಲ ಅಲ್ಲೇ ಜಳಕ ಮಾಡುತ್ತಾರೆ ಎಂದು ಕೈಯಾಡಿಸಿ ವರ್ಣಿಸುತ್ತಿದ್ದೆ.

ಸಂಜೆ ಹಗರಿಬೊಮ್ಮನಹಳ್ಳಿಯ ಇದೇ ಮನೆಗೆ ಬಂದರೆ ಇಲ್ಲಿಯೂ ಅದೇ ಪುರಾಣ. ಕೇಳುವವಳು ದೊಡ್ಡವ್ವ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಒಂದು ಬೇಸಿಗೆ ರಜೆಯಲ್ಲಿ ಅವಳು ಹಟ ಹಿಡಿದಳು. "ನೀ ಕಂಡಿದ್ದನ್ನ ನನಗೂ ಒಮ್ಮಿ ತೋರ್ಸಪ. ಮಣಕಾಲು ಇನ್ನೂ ಗಟ್ಟಿ ಅದಾವು" ಅಂದಳು. ಒಲ್ಲೆ ಅನ್ನಲು ನನಗೆ ಬಾಯಿ ಬರಲಿಲ್ಲ.

ದೊಡ್ಡವ್ವನ ನೇಮವೊಂದಿತ್ತು. ಜಳಕ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಹನಿ ನೀರೂ ಮುಟ್ಟುತ್ತಿರಲಿಲ್ಲ. ಮುಂಜಾನೆ ಮೆಜೆಸ್ಟಿಕ್ಕಿನಲ್ಲಿ ಇಳಿದವರು ಅಲ್ಲೇ ಯಾವುದಾದರೂ ಛತ್ರ ಹುಡುಕಬಹುದಿತ್ತು. "ಛತ್ರ ಯಾಕ? ಲಾಲ್‌ಬಾಗಿನ ಹೊಂಡ ಐತೆಲ್ಲ, ಅಲ್ಲೇ ಜಳಕ ಮಾಡ್ತೀನಿ" ಅಂದಳು. ನಾನು, ದಡ್ಡ ಶಿಖಾಮಣಿ, "ಹೂಂ, ಇಲ್ಲೇ ಹತ್ತಿರ ಐತಿ" ಅಂದೆ.

ಯಾರನ್ನಾದರೂ ದಾರಿ ಕೇಳಿದರೆ ಬಣ್ಣ ಬಯಲಾಗುತ್ತದೆ. ಕೇಳದೆ ನಡೆದೆ. ಮರಗಳ ನಡುವೆ ಕೆಂಪು ಕಟ್ಟಡವೊಂದು ಕಂಡದ್ದೇ "ನೋಡು ದೊಡ್ಡವ್ವ, ವಿಧಾನಸೌಧ" ಎಂದು ಕೈ ತೋರಿಸಿದೆ. ಅವಳು ಭಕ್ತಿಯಿಂದ ಕೈ ಮುಗಿದು, ಹಿಂದಕ್ಕೆ ತಿರುಗಿ, ಎದುರಿಗಿದ್ದ ಭಾರೀ ಕಲ್ಲಿನ ಸೌಧವನ್ನು ಕಂಡು, "ಹಂಗಾರ ಅದೇನು?" ಅಂದಳು. "ಅದೂ ಇದರದ್ದೇ ಇನ್ನೊಂದು ಪಾಲು" ಅಂದೆ. ನ್ಯಾಯ ಹೇಳುವ ಹೈಕೋರ್ಟಿನ ಮುಂದೆಯೇ ನಿಂತು ಈ ಸುಳ್ಳು ಹೇಳಿದೆನೆಂಬುದು ಆಮೇಲೆ ತಿಳಿಯಿತು.

ಲಾಲ್‌ಬಾಗು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಅವಳ ತುಟಿ ಒಣಗಿ ಬಿಳಿಚಿತ್ತು. ಅಲ್ಲಿ ಕೆರೆಯೇನೋ ಇತ್ತು, ಮೆಟ್ಟಿಲ ಹೊಂಡವಿರಲಿಲ್ಲ. ಬದಲಿ ಸೀರೆಯಿದ್ದ ಗಂಟು ಬಿಚ್ಚುತ್ತಿದ್ದವಳಿಗೆ ಕಾವಲುಗಾರ, "ಇಲ್ಲೆಲ್ಲ ನೀರಿಗೆ ಇಳಿಯಂಗಿಲ್ಲಮ್ಮ" ಅಂದ. ಅವಳು ಮರದ ಬುಡದಲ್ಲಿ ಕುಸಿದು ಕೂತಳು. ನನ್ನ ತಪ್ಪಿಗೆ ಅವಳ ಮೇಲೆಯೇ ರೇಗಿದೆ. "ಒಂದು ಗುಟುಕು ಕುಡದ್ರ ಶಿವ ಸಿಟ್ಟಾಗಂಗಿಲ್ಲ ಬಿಡು. ಏನು ಹಟ ನಿಂದು?" ಅಂದೆ.

"ಶಿವಂದಲ್ಲಪ, ಮಾತು ಕೊಟ್ಟಾಕಿ ನಾನು" ಅಂದಳು, ದನಿ ಏಳದೆ.

ನನಗೆ ಜೀವ ಹೋದಂತಾಯಿತು. "ದೊಡ್ಡವ್ವ, ನಾ ಬೆಂಗಳೂರು ನೋಡೇ ಇಲ್ಲ. ಹೊಂಡ ಗಿಂಡ ಎಲ್ಲ ಸುಳ್ಳು" ಅಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. "ಮುಂಜಾನೆನ ಹೇಳಿದ್ರ ಯಾರನ್ನರ ಕೇಳ್ತಿದ್ದಿವೆಲ್ಲೋ" ಅಂದಳು, ಅಷ್ಟೇ. ಎದ್ದು ಹೋಗಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳನ್ನು ಮಾತಾಡಿಸಿದಳು. ಆಕೆ ಕೈಹಿಡಿದು ತನ್ನ ಮನೆಯ ನಲ್ಲಿಯ ಹತ್ತಿರ ಕರೆದೊಯ್ದಳು. ನಾನು ಬುತ್ತಿಗಂಟು ಹಿಡಿದು ಹೊರಗೆ ನಿಂತಿದ್ದೆ. ಪೂಜೆ ಮುಗಿಸಿ ತಂಬಿಗೆ ಎತ್ತಿ ಕುಡಿದಳಲ್ಲ, ಆ ಗುಟುಕಿನ ಸದ್ದು ನನಗೆ ಹೊರಗೆ ಕೇಳಿಸಿತು. ಆಮೇಲೆ ಸಂಜೆಯ ತನಕ ಕಂಡಕಂಡವರನ್ನು ಕೇಳುತ್ತ ಊರು ತೋರಿಸಿದವಳು ಅವಳು. ನಾನು ತೆಪ್ಪಗೆ ಹಿಂದೆ ನಡೆದೆ.

ಮನೆಗೆ ಬಂದ ಮರುದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಸೇರಿದ್ದರು. ಇನ್ನು ನನ್ನ ಮಾನ ಹರಾಜಾಯಿತೆಂದು ಒಳಗೆ ಕೂತು ಕಿವಿಗೊಟ್ಟೆ. ದೊಡ್ಡವ್ವ ಆಗಷ್ಟೇ ಪೂಜೆ ಮುಗಿಸಿ, ಹಣೆಯ ಮೇಲೆ ಹಸಿ ವಿಭೂತಿ ಇರುವಾಗಲೇ ಹೇಳುತ್ತಿದ್ದಳು: "ನಮ್ಮ ಮಾಸ್ತರ ಯಾರನ್ನೂ ಒಂದು ಮಾತು ಕೇಳಲಿಲ್ಲ ನೋಡ್ರಿ. ಎಲ್ಲಾ ಅವನ ತೋರಿಸಿದ. ಆ ಹೊಂಡ ಎಷ್ಟು ಚಂದ ಐತಿ ಅಂತೀರಿ. ಮೆಟ್ಟಲ ಮ್ಯಾಲೆ ಕುಂತು ಜಳಕ ಮಾಡಿದೆ."

ಹನಿ ನೀರಿಗೆ ನೇಮ ಮುರಿಯದವಳು. ನನ್ನದೊಂದೇ ಸುಳ್ಳಾಗಿದ್ದರೆ ಎಂದೋ ಊರ ಮುಂದೆ ಒಪ್ಪಿಕೊಂಡು ಹಗುರಾಗುತ್ತಿದ್ದೆ. ಅವಳದನ್ನು ಹೇಗೆ ಒಪ್ಪಿಕೊಳ್ಳಲಿ? ಅವಳು ಲಿಂಗೈಕ್ಯಳಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಬಿಟ್ಟೆ. "ನನಗ ಬೆಂಗಳೂರು ಗೊತ್ತಿಲ್ಲ ಮೇಡಂ. ಹೋದಲ್ಲಿ ಯಾರನ್ನರ ಕೇಳ್ರಿ" ಅಂದೆ. ಮೇಡಂ ನಂಬಲಿಲ್ಲ. ನಕ್ಕು, "ಹಂಗ್ಯಾಕ ಅಂತೀರಿ ಸರ್, ನಿಮ್ಮ ದೊಡ್ಡವ್ವಾರು ಆ ಹೊಂಡದಾಗ ಜಳಕ ಮಾಡಿದ್ದನ್ನ ನಮ್ಮ ಅಜ್ಜಿ ಇನ್ನೂ ಹೇಳ್ತಾಳ" ಅಂದರು.