ಮಗಳು ಫೋನ್ ತೆಗೆದುಕೊಂಡ ದಿನ

ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದರು. "ಅಜ್ಜಿ ಜೊತೆ ಮಾತಾಡ್ತೀಯೇನೇ?" ಎಂದು ಅಭ್ಯಾಸಬಲದಿಂದ ಕೇಳಿದೆ. ಯಾವಾಗಲೂ "ಸೇ ಹಾಯ್ ಫಾರ್ ಮಿ" ಎಂದು ಮಹಡಿ ಹತ್ತಿಬಿಡುವ ಮಗಳು ಅವತ್ತು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು! ಇಲ್ಲಿ ಪರದೇಶದ ಬ್ರಿಡ್ಜ್‌ವಾಟರ್‌ನಲ್ಲೇ ಹುಟ್ಟಿ ಬೆಳೆದವಳು. ಒಂದು ಸೆಮಿಸ್ಟರ್ ಓದಲು ಸ್ಪೇನ್‌ಗೆ ಹೋಗಿ ಹಿಂದಿನ ವಾರವಷ್ಟೇ ಮರಳಿದ್ದಳು.

ಅಲ್ಲಿ ತಾನಿದ್ದ ಮನೆಯ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದೂ, ಸೋಪು, ಬಿಸಿನೀರು, ಮಧ್ಯಾಹ್ನ ಮೂರರ ಊಟ ಎಲ್ಲವನ್ನೂ ಹರಕುಮುರುಕು ಸ್ಪ್ಯಾನಿಷ್‌ನಲ್ಲೇ ಕೇಳುತ್ತಿದ್ದೆನೆಂದೂ ಅಷ್ಟೇ ಹರಕುಮುರುಕು ಕನ್ನಡದಲ್ಲಿ ವಿವರಿಸಿದಳು. ಪದ ಸಿಗದೆ ತಡವರಿಸಿದಳು, ಆದರೆ ನಿಲ್ಲಿಸಲಿಲ್ಲ. ನಾನು ಬೆರಗಾಗಿ ನೋಡುತ್ತ ನಿಂತೆ.

"ಇಷ್ಟು ಧೈರ್ಯ ಎಲ್ಲಿಂದ ಬಂತೇ ನಿಂಗೆ?" ಫೋನ್ ಇಟ್ಟ ಮೇಲೆ ಕೇಳಿದೆ.

"ಅಲ್ಲಿ ದಿನಾ ತಪ್ಪು ತಪ್ಪಾಗೇ ಮಾತಾಡಿದೆ ಅಮ್ಮ. ಯಾರೂ ನಗ್ಲಿಲ್ಲ. ಇಲ್ಲಿ ನೀವೆಲ್ಲ ನಗ್ತಿದ್ರಿ."

ನಿಜ. ಅವಳು ಚಿಕ್ಕವಳಿದ್ದಾಗ, ಮನೆಗೆ ಬಂದ ಆಂಟಿಯರ ಮುಂದೆ ಅವಳಿಂದ ಕನ್ನಡ ಆಡಿಸಿ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನೇ. ಮಕ್ಕಳು ಕನ್ನಡವನ್ನೇ ಮಾತಾಡುವುದಿಲ್ಲವೆಂದು ಅದೇ ಆಂಟಿಯರ ಹತ್ತಿರ ಗೋಳಾಡುತ್ತಿದ್ದವಳೂ ನಾನೇ.