ಶಾರ್ಟ್ಲಿ ಎನ್ನದ ಹೀರಾಬಾಯಿ

ಅಫಜಲಪುರದ ಬಸ್ ನಿಲ್ದಾಣಕ್ಕೆ ಇನ್ನೂ ಪೂರ್ತಿ ಬೆಳಕು ಬಿದ್ದಿಲ್ಲ. ಕಂಬದ ಮೇಲಿನ ಲೌಡ್‌ಸ್ಪೀಕರಿನಲ್ಲಿ ಕ್ಯಾಸೆಟ್ಟಿನ ಹೆಣ್ಣುದನಿಯೊಂದು ನಯವಾಗಿ ಹೇಳುತ್ತಿದೆ: ‘ದಿ ಬಸ್ ಟು ಜೇವರ್ಗಿ ವಿಲ್ ಅರೈವ್ ಶಾರ್ಟ್ಲಿ.’ ಅದೇ ಕಂಬದ ಬುಡದಲ್ಲಿ ಕಸ ಗುಡಿಸುತ್ತಿರುವ ಹೀರಾಬಾಯಿ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, ಬರಿಗಂಟಲಲ್ಲೇ ಕೂಗುತ್ತಾರೆ: ‘ದಿ ಬಸ್ ಟು ಜೇವರ್ಗಿ ಈಸ್ ರನ್ನಿಂಗ್ ಲೇಟ್!’ ಹಿಂದೆಯೇ ಕನ್ನಡದಲ್ಲಿ, ‘ಆಳಂದದಿಂದ ಬರೋ ಬಸ್ಸು ಟಯರ್ ಒಡದು ದಾರ್ಯಾಗ ನಿಂತದ. ಅರ್ಜಂಟ್ ಇದ್ದವ್ರು ಜೀಪ್ ಹಿಡೀರಿ.’

ಈಗಷ್ಟೇ ಆಳಂದದ ಕಡೆಯಿಂದ ಬಂದ ಲಾರಿಯ ಡ್ರೈವರ್ ಕೊಟ್ಟ ಸುದ್ದಿ ಅದು. ಹೀಗೆ ಕೂಗಬಾರದೆಂದು ಮೇಲಿನವರು ಹೀರಾಬಾಯಿಗೆ ಎರಡು ಸಲ ತಾಕೀತು ಮಾಡಿದ್ದಾರೆ. ಇನ್ನೊಮ್ಮೆ ಬಾಯಿ ತೆರೆದರೆ ಪೊರಕೆಯ ಕೆಲಸವೂ ಇಲ್ಲ ಎಂದು ಕಳೆದ ವಾರವಷ್ಟೇ ಹೇಳಿ ಹೋಗಿದ್ದಾರೆ. ಅದನ್ನು ಕೇಳಿಸಿಕೊಂಡೇ ಹೀರಾಬಾಯಿ ಇವತ್ತೂ ಕೂಗಿದ್ದಾರೆ.

ಮೂರು ತಿಂಗಳ ಹಿಂದಿನವರೆಗೂ ಆ ಲೌಡ್‌ಸ್ಪೀಕರಿನಲ್ಲಿ ಇವರದೇ ದನಿ ಇತ್ತು. ಗಾಣಗಾಪುರಕ್ಕೆ ಹೋಗುವ ಪರವೂರಿನವರು ಇಲ್ಲಿ ಬಸ್ಸು ಬದಲಿಸುತ್ತಾರೆ. ಅವರಲ್ಲಿ ಮರಾಠಿಯವರು, ತೆಲುಗಿನವರು ಬಹಳ. ಎಲ್ಲರಿಗೂ ಆಗಲಿ ಎಂದು ಕನ್ನಡದ ಬೆನ್ನಿಗೆ ಒಂದು ಸಾಲು ಇಂಗ್ಲಿಷು ಹೇಳುವ ರೂಢಿ ಇಲ್ಲಿ ಮೊದಲಿನಿಂದ ಉಂಟು. ಆ ಒಂದು ಸಾಲಿನಲ್ಲೇ ಹೀರಾಬಾಯಿಯ ಜಗಳವೆಲ್ಲ ಇದೆ.

ಹುಟ್ಟೂರು ಆಳಂದ ತಾಲೂಕಿನ ಮಟಕಿ. ಮದುವೆಯಾಗಿ ಬಂದದ್ದು ಅಫಜಲಪುರಕ್ಕೆ. ಗಂಡ ಮಾಳಿಂಗಪ್ಪ ಹಮಾಲಿ ಮಾಡುತ್ತಿದ್ದರು. ಒಂದು ಬೇಸಿಗೆಯ ಬೆಳಿಗ್ಗೆ ಅವರಿಗೆ ತಡೆಯಲಾರದ ಹೊಟ್ಟೆನೋವು. ಗುಲಬರ್ಗಾದ ದೊಡ್ಡ ದವಾಖಾನೆಗೆ ಹೋಗಲೆಂದು ಇಬ್ಬರೂ ಇದೇ ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ಜೀಪಿನವನೊಬ್ಬ ಬಂದು ಕರೆದ. ಅಷ್ಟರಲ್ಲಿ ಮೈಕು ಕನ್ನಡದಲ್ಲಿ ಬಸ್ಸು ಬರುತ್ತದೆ ಎಂದಿತು, ಬೆನ್ನಿಗೆ ಇಂಗ್ಲಿಷಿನಲ್ಲಿ ಶಾರ್ಟ್ಲಿ ಎಂದಿತು. ಪಕ್ಕದಲ್ಲಿದ್ದ ಓದಿದ ಮನುಷ್ಯನೊಬ್ಬ, ಇನ್ನೇನು ಬಂತು, ಕೂತಿರಿ ಎಂದು ಅರ್ಥ ಹೇಳಿದ. ಜೀಪು ಹೋಯಿತು. ಮೈಕು ಮತ್ತೆ ಶಾರ್ಟ್ಲಿ ಎಂದಿತು, ಮಗದೊಮ್ಮೆಯೂ ಅಂದಿತು. ಬಸ್ಸು ಬಂದಾಗ ಬಿಸಿಲು ನೆತ್ತಿಗೇರಿತ್ತು.

‘ದವಾಖಾನ್ಯಾಗ ಡಾಕ್ಟರು ನಾಡಿ ಹಿಡದು ನೋಡಿ, ಟೂ ಲೇಟ್ ಅಂದ್ರು. ನನಗ ತಿಳಿದ ಮೊದಲನೇ ಇಂಗ್ಲಿಷ್ ಶಬ್ದ ಅದೇ ನೋಡ್ರಿ, ಲೇಟ್. ಬಸ್ ಸ್ಟ್ಯಾಂಡಿನಾಗ ಹೇಳಬೇಕಾಗಿದ್ದ ಮಾತು ದವಾಖಾನ್ಯಾಗ ಹೇಳಿದ್ರು’ ಎನ್ನುತ್ತಾರೆ ಹೀರಾಬಾಯಿ. ಹೇಳುವಾಗ ಕಣ್ಣು ಒದ್ದೆಯಾಗುವುದಿಲ್ಲ.

ಅವತ್ತು ಮೈಕು ಹಿಡಿದಿದ್ದವರು ಕಂಟ್ರೋಲರ್ ಖಾದರಸಾಬ. ಗಂಡ ಸತ್ತ ಮೇಲೆ ನಿಲ್ದಾಣ ಗುಡಿಸುವ ದಿನಗೂಲಿಗೆ ಹೀರಾಬಾಯಿಯ ಹೆಸರು ಹೇಳಿದವರೂ ಅವರೇ. ಒಂದು ದಿನ ಹೀರಾಬಾಯಿ ಅವರ ಕಿಟಕಿಯ ಮುಂದೆ ನಿಂತು, ಆ ಶಬ್ದ ಯಾಕೆ ಅಂದಿರಿ ಎಂದು ಕೇಳಿಯೇಬಿಟ್ಟರು. ಮೇಲಿನ ಹುಕುಂ ಹಾಗಿತ್ತು ಎಂದಷ್ಟೇ ಹೇಳಿ ಖಾದರಸಾಬ ತಲೆ ತಗ್ಗಿಸಿದರು. ಹಾಗಾದರೆ ನನಗೂ ಈ ಇಂಗ್ಲಿಷು ಕಲಿಸಿ ಎಂದು ಇವರು ಪಟ್ಟು ಹಿಡಿದರು. ಒಂದು ಬಸ್ಸು ಹೋಗಿ ಇನ್ನೊಂದು ಬರುವವರೆಗಿನ ಬಿಡುವೇ ಪಾಠದ ಹೊತ್ತಾಯಿತು.

ಮೊದಲು ಎಡವಿದ್ದು ರನ್ನಿಂಗ್ ಲೇಟ್‌ನಲ್ಲಿ. ಓಡುತ್ತಿದೆ ಎಂದ ಮೇಲೆ ತಡವೆಲ್ಲಿಂದ ಬಂತು ಎಂದು ಹೀರಾಬಾಯಿ ಎರಡು ದಿನ ವಾದ ಮಾಡಿದರು. ಇಂಗ್ಲಿಷಿನಲ್ಲಿ ಪ್ರತಿ ಕ್ರಿಯಾಪದಕ್ಕೂ ಅದರದೇ ಜೊತೆಗಾರರು, ರನ್ನಿಂಗ್‌ಗೆ ಲೇಟ್ ಹೊಂದುತ್ತದೆ, ಶಾರ್ಟ್ಲಿ ಹೊಂದುವುದಿಲ್ಲ, ಅದೇನಿದ್ದರೂ ಅರೈವ್ ಹಿಂದೆ ಬರುವಂಥದ್ದು ಎಂದು ಖಾದರಸಾಬ ತಿಳಿಸಿ ಹೇಳಿದರು. ಹ್ಯಾಸ್ ಲೆಫ್ಟ್ ಎಂದ ಮೇಲೆ ಟೆನ್ ಮಿನಿಟ್ಸ್ ಅಗೊ ಎನ್ನುವಂತಿಲ್ಲ. ಅಗೊ ಬೇಕಿದ್ದರೆ ಬರೀ ಲೆಫ್ಟ್ ಸಾಕು. ನಡುವೆ ಕೂಡುವ ಜಸ್ಟ್, ಆಲ್ರೆಡಿಗಳನ್ನು ಹೀರಾಬಾಯಿ ತಮ್ಮದೇ ರೀತಿಯಲ್ಲಿ ಅರಗಿಸಿಕೊಂಡರು.

‘ಜಸ್ಟ್ ಲೆಫ್ಟ್ ಅಂದ್ರ ಬೆನ್ನ ಹತ್ತಿ ಓಡ್ರಿ, ಊರ ಹೊರಗಿನ ನಾಕಾದಾಗ ಸಿಗ್ತದ. ಆಲ್ರೆಡಿ ಲೆಫ್ಟ್ ಅಂದ್ರ ಸುಮ್ನ ಕುಂತು ಚಾ ಕುಡೀರಿ. ಇಷ್ಟ ಫರಕ್ ರಿ’ ಎಂದು ನಗುತ್ತಾರೆ.

ಇನ್ನೊಂದು ಸಂಗತಿ ಅವರಿಗೆ ಹೊಳೆದದ್ದು ಮೈಕು ಕೈಗೆ ಬಂದ ಮೇಲೆ. ಖಾದರಸಾಬ ನಿವೃತ್ತರಾದಾಗ ನಸುಕಿನ ಪಾಳಿಗೆ ಯಾರೂ ತಯಾರಿರಲಿಲ್ಲ. ಹಾಗಾಗಿ ಗುಡಿಸುವವರ ಕೈಗೇ ಮೈಕು ಬಂತು. ಬೆಂಚಿನ ಮೇಲಿನ ಜನ ಹೇಗೆ ಕೇಳಿಸಿಕೊಳ್ಳುತ್ತಾರೆಂದು ಹೀರಾಬಾಯಿ ಕಿಟಕಿಯಿಂದ ನೋಡುತ್ತಿದ್ದರು. ಇಂಗ್ಲಿಷ್ ಬಾರದವರೂ ಕನ್ನಡ ಮುಗಿದ ಮೇಲೆ ಇಂಗ್ಲಿಷಿನ ಕೊನೆಯ ಶಬ್ದಕ್ಕೆ ಕಿವಿಗೊಡುತ್ತಿದ್ದರು.

‘ನಮ್ಮ ಮಾತಿನಾಗ ಬರ್ತದ ಅನ್ನೋದು ಕಡೀಕ ಇರ್ತದ್ರಿ. ತಡಾ ಆಗಿ ಬರ್ತದ ಅಂದ್ರೂ ಜನರ ಕಿವ್ಯಾಗ ಉಳಿಯೋದು ಬರ್ತದ ಅಷ್ಟೇ. ಇಂಗ್ಲಿಷಿನಾಗ ಬಸ್ಸು ಮೊದಲೇ ಬಂದುಬಿಡ್ತದ, ಯಾವಾಗ ಅನ್ನೋದು ಕಡೀಕ. ಆ ಕಡೀ ಶಬ್ದ ಸುಳ್ಳಾದ್ರ ಎಲ್ಲಾ ಸುಳ್ಳು.’

ಹೀಗೆ ಎಂಟು ವರ್ಷ ಈ ನಿಲ್ದಾಣದಲ್ಲಿ ತಡವಾದ ಬಸ್ಸು ತಡವೆಂದೇ ಕರೆಸಿಕೊಂಡಿತು. ಹೋದದ್ದು ಆಲ್ರೆಡಿ ಹೋಯಿತು, ಬಾರದ್ದು ನಾಟ್ ಯೆಟ್ ಆಗಿ ಉಳಿಯಿತು. ಆಮೇಲೆ, ನಡುವೆ ಎಲ್ಲರೂ ಮರೆತಿದ್ದ ಹಳೆಯ ಹುಕುಮೇ ಹೊಸದಾಗಿ ಬಂತು. ಹುಕುಮಿಗೇನು, ದಾರಿಯಲ್ಲಿ ಟಯರ್ ಒಡೆಯುವುದಿಲ್ಲ, ಸಮಯಕ್ಕೆ ಸರಿಯಾಗಿ ತಲುಪುತ್ತದೆ. ಲೇಟ್ ಎಂದರೆ ಜನ ಎದ್ದು ಜೀಪು ಹತ್ತುತ್ತಾರೆ, ಇನ್ನು ಮುಂದೆ ಶಾರ್ಟ್ಲಿ ಎನ್ನಬೇಕು ಎಂದು ಸಾಹೇಬರೊಬ್ಬರು ಬಂದು ಹೇಳಿದರು. ಹೀರಾಬಾಯಿ ಒಲ್ಲೆ ಎಂದರು. ಸಾಹೇಬರು ಮೊದಲು ತಿಳಿಹೇಳಿದರು, ಆಮೇಲೆ ಗದರಿದರು, ಕೊನೆಗೆ ಕ್ಯಾಸೆಟ್ಟು ತಂದರು. ಒಂದು ಸುಳ್ಳನ್ನು ತಪ್ಪದೆ ಹೇಳಲಿಕ್ಕೆ ಮಷೀನೇ ಬೇಕಾಯಿತು, ಅದನ್ನಾದರೂ ಮೆಚ್ಚಬೇಕು.

ಮೈಕು ಕಿತ್ತುಕೊಂಡ ದಿನ ಹೀರಾಬಾಯಿ ಸಾಹೇಬರಿಗೆ ಅಂದದ್ದು ಊರಿಗೆಲ್ಲ ಗೊತ್ತು: ‘ಮೈಕ್ ನಿಮ್ಮದ್ರಿ, ಒಯ್ರಿ. ಗಂಟಲು ನಂದು.’

ಖಾದರಸಾಬ ಈಗಲೂ ದಿನಾ ಬೆಳಿಗ್ಗೆ ನಿಲ್ದಾಣದ ಚಹಾದಂಗಡಿಗೆ ಬರುತ್ತಾರೆ. ಇವತ್ತು ಹೀರಾಬಾಯಿ ಕೂಗಿದಾಗ ಚಹಾದ ಕಪ್ಪು, ಬಸಿ ಕೆಳಗಿಟ್ಟು ಕೇಳುತ್ತ ಕುಳಿತರು. ಅವರನ್ನು ಕ್ಷಮಿಸಿದಿರಾ ಎಂದರೆ ಹೀರಾಬಾಯಿ ಹುಬ್ಬು ಗಂಟಿಕ್ಕುತ್ತಾರೆ. ‘ಮಾಫ್ ಮಾಡೀನಿ ಅಂತ ಯಾರು ಹೇಳಿದ್ರು? ಇಂಗ್ಲಿಷ್ ಕಲ್ತೀನಿ, ಅಷ್ಟೇ.’ ಆದರೂ ಖಾದರ ಚಾಚಾನ ಚಹಾದಲ್ಲಿ ಸಕ್ಕರೆ ಕಡಿಮೆ ಹಾಕು, ಅವರಿಗೆ ಆಗಿಬರುವುದಿಲ್ಲ ಎಂದು ಅಂಗಡಿಯವನಿಗೆ ಹೇಳುವವರೂ ಇವರೇ.

ಬೆಂಚಿನ ಮೇಲೆ ಜೈತುನಬಿ ಎಂಬ ವಯಸ್ಸಾದ ಹೆಂಗಸು ಕುಳಿತಿದ್ದಾರೆ. ಜೇವರ್ಗಿಯ ಕೋರ್ಟಿನಲ್ಲಿ ಇವತ್ತು ಅವರ ಹೊಲದ ತಾರೀಖು. ಹೆಸರು ಕೂಗಿದಾಗ ಎದುರಿಗಿಲ್ಲದಿದ್ದರೆ ಹೊಲ ಕೈಬಿಟ್ಟಂತೆಯೇ. ಮೇಲಿನಿಂದ ಕ್ಯಾಸೆಟ್ಟು ಮತ್ತೆ ಶಾರ್ಟ್ಲಿ ಎನ್ನುತ್ತದೆ. ಜೈತುನಬಿ ಒಮ್ಮೆ ಲೌಡ್‌ಸ್ಪೀಕರಿನತ್ತ, ಒಮ್ಮೆ ಪೊರಕೆಯವರತ್ತ ನೋಡುತ್ತಾರೆ. ‘ಯವ್ವಾ, ಖರೇ ಹೇಳು’ ಎನ್ನುತ್ತಾರೆ.

‘ಲೇಟ್ ಅದಬೇ’ ಎನ್ನುತ್ತಾರೆ ಹೀರಾಬಾಯಿ. ಅವರ ಕೈಚೀಲ ತಾವೇ ಎತ್ತಿಕೊಂಡು ಹೋಗಿ, ಇಬ್ಬರನ್ನು ಸರಿಸಿ, ಜೈತುನಬಿಯನ್ನು ಜೀಪಿನಲ್ಲಿ ಕೂರಿಸುತ್ತಾರೆ. ಇನ್ನೂ ನಾಲ್ಕು ಜನ ಹಿಂದೆಯೇ ಎದ್ದು ಹೋಗುತ್ತಾರೆ. ಕಿಟಕಿಯ ಒಳಗಿನಿಂದ ಹೊಸ ಕಂಟ್ರೋಲರ್ ಎಲ್ಲವನ್ನೂ ನೋಡುತ್ತಾನೆ. ಸಂಜೆಯೊಳಗೆ ವಿಷಯ ಮೇಲಕ್ಕೆ ಹೋಗುತ್ತದೆ ಎನ್ನುವುದು ಹೀರಾಬಾಯಿಗೆ ಗೊತ್ತು.

ನಾಳೆ ಪೊರಕೆಯನ್ನೂ ಕಿತ್ತುಕೊಂಡರೆ? ಟಿಕೀಟಿಲ್ಲದೆ ಬೆಂಚಿನ ಮೇಲೆ ಕೂರಲು ಯಾರಪ್ಪನ ಪರವಾನಗಿಯೂ ಬೇಕಿಲ್ಲ, ಅಲ್ಲಿಂದಲೇ ಕೂಗುತ್ತೇನೆ ಎನ್ನುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಹೀರಾಬಾಯಿ ರಸ್ತೆಯ ತಿರುವಿನತ್ತ ನೋಡುತ್ತಾರೆ. ಬಿಸಿಲೇರಿದೆ. ಬಸ್ಸು ಇನ್ನೂ ಬಂದಿಲ್ಲ.

‘ಆ ಶಬ್ದದ ಮ್ಯಾಲ ನನಗೇನು ಸಿಟ್ಟಿಲ್ರಿ. ಒಂದು ದಿನ ನಾನೂ ಶಾರ್ಟ್ಲಿ ಅನ್ನಬೇಕು, ಅಂದ ಬಾಯಿ ಮುಚ್ಚೋದ್ರಾಗ ಬಸ್ಸು ಬಂದು ನಿಂದ್ರಬೇಕು. ಒಮ್ಮಿ ಸಾಕು’ ಎಂದು ಪೊರಕೆ ಎತ್ತಿಕೊಳ್ಳುತ್ತಾರೆ. ‘ಅಲ್ಲೀತನಕ ಅನ್ನಂಗಿಲ್ಲ.’