ಪೆನಾಲ್ಟಿ ಕಿಕ್ಕಿನಲ್ಲಿ ವರಪರೀಕ್ಷೆ

ನನಗೆ ಫುಟ್‌ಬಾಲ್ ಗೊತ್ತಿಲ್ಲ. ಆಫ್‌ಸೈಡ್ ಎಂದರೇನೆಂದು ಬಲ್ಲವರು ಹತ್ತಾರು ಸಲ ಹೇಳಿಕೊಟ್ಟಿದ್ದಾರೆ. ಕೇಳುವಾಗ ಅರ್ಥವಾಗುತ್ತದೆ, ಚೆಂಡು ಉರುಳತೊಡಗಿದ ಕೂಡಲೇ ಮರೆತುಹೋಗುತ್ತದೆ. ಆದರೂ ಮಸ್ಕತ್ತಿನಲ್ಲಿದ್ದಷ್ಟು ಕಾಲ ನಮ್ಮ ತಂಡ ಪರವೂರಿಗೆ ಆಡಲು ಹೊರಟಾಗಲೆಲ್ಲ ನಾನೂ ಬಸ್ಸು ಹತ್ತಿದ್ದೇನೆ. ಕಾರಣ ಕೇಳಿದವರಿಗೆ ಕ್ರೀಡಾಪ್ರೇಮ ಎನ್ನುತ್ತಿದ್ದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೋಳಿ ಸುಕ್ಕದ ಪಾತ್ರೆ ಇರುತ್ತಿತ್ತೆಂಬುದನ್ನು ಹೇಳುತ್ತಿರಲಿಲ್ಲ.

ತಂಡ ಎಂದೆನೆಂದು ದೊಡ್ಡ ಕಲ್ಪನೆ ಬೇಡ. ಯಾವ ಲೀಗಿನಲ್ಲೂ ಅದರ ಹೆಸರಿರಲಿಲ್ಲ. ಎಂಬತ್ತರ ದಶಕದ ಕೊನೆಯ ಮಾತಿದು. ಮಸ್ಕತ್ತಿನ ಅಲ್ ಖುವೈರ್ ಬಡಾವಣೆಯ ಆಫೀಸುಗಳಲ್ಲಿ ವಾರವಿಡೀ ಕುರ್ಚಿ ಸವೆಸುವ ನಮ್ಮ ಮಂಗಳೂರು, ಉಡುಪಿ ಕಡೆಯವರು ಶುಕ್ರವಾರ ಚಡ್ಡಿ ಹಾಕಿಕೊಂಡರೆ ಅದೇ ತಂಡ. ಕ್ಯಾಪ್ಟನ್ ವಸಂತ ಶೆಟ್ಟರು ಊರಿನಲ್ಲಿ ಕಬಡ್ಡಿ ಆಡಿ ಬೆಳೆದವರು. ಎದುರಾಳಿಯ ಕಾಲು ಹತ್ತಿರ ಬಂದರೆ ಆಗಲೂ ಅವರ ಕೈ ತುರಿಸುತ್ತಿತ್ತು. ಗೋಲ್‌ಕೀಪರ್ ಲ್ಯಾನ್ಸಿ ಸ್ಟೋರ್‌ಕೀಪರನೂ ಹೌದು. ಮೂವತ್ತು ದಾಟಿದ ಪಾಪದ ಹುಡುಗ. ಅವನಿಗೆ ಬಂದ ಮೂರು ಸಂಬಂಧಗಳೂ ಮಾತುಕತೆಯಲ್ಲೇ ಮುರಿದುಬಿದ್ದಿದ್ದವು.

ಆ ಶುಕ್ರವಾರ ಪಂದ್ಯವಿದ್ದದ್ದು ಮಸ್ಕತ್ತಿನಿಂದ ಎರಡು-ಮೂರು ಗಂಟೆಯ ದಾರಿಯ ಸಹಮ್ ಎಂಬ ಊರಿನಲ್ಲಿ. ಬಸ್ಸು ಸೀಬ್ ದಾಟುವಷ್ಟರಲ್ಲಿ ಗುಟ್ಟು ಹೊರಬಿತ್ತು. ಲ್ಯಾನ್ಸಿಗೆ ಊರಿನಿಂದ ನಾಲ್ಕನೆಯ ಸಂಬಂಧ ಬಂದಿದೆ. ಹುಡುಗಿಯ ಫೋಟೋ ನೋಡಿ ಇವನು ಊಟ ನಿದ್ದೆ ಬಿಟ್ಟಿದ್ದಾನೆ. ಆಕೆಯ ಸೋದರಮಾವ ಸಿರಿಲ್ ಮಾಮ ಸಹಮಿನ ತೋಟವೊಂದರಲ್ಲಿ ಮ್ಯಾನೇಜರು. ಹುಡುಗನನ್ನು ನೋಡಿ ಅವರು ಹೂಂ ಎಂದರೆ ಮದುವೆ, ಉಹೂಂ ಎಂದರೆ ಇಲ್ಲ. ಸಹಮ್ ತಂಡದ ಸೆಂಟರ್ ಫಾರ್ವರ್ಡ್ ಯಾರು? ಅದೇ ಸಿರಿಲ್ ಮಾಮ!

ಹೆಣ್ಣು ನೋಡುವುದಕ್ಕೆ ನಮ್ಮ ಹಿರಿಯರು ಉಪ್ಪಿಟ್ಟಿನಿಂದ ಹಿಡಿದು ಹಾಡು ಹೇಳಿಸುವವರೆಗೆ ಶಾಸ್ತ್ರ ಮಾಡಿಟ್ಟಿದ್ದಾರೆ. ಗಂಡು ನೋಡುವುದಕ್ಕೆ ಅಂಥದ್ದೇನೂ ಇರಲಿಲ್ಲ, ಆ ಕೊರತೆಯನ್ನು ತುಂಬಿದವರು ಗಲ್ಫಿನವರು. ಹುಡುಗ ಮಸ್ಕತ್ತಿನಲ್ಲಿದ್ದರೆ ಹುಡುಗಿಯ ಕಡೆಯವರೊಬ್ಬರು ನಿಜ್ವಾದಲ್ಲಾದರೂ ಇದ್ದೇ ಇರುತ್ತಾರೆ. ಅವರು 'ಹೀಗೇ ಬಂದೆ' ಎನ್ನುತ್ತಾ ರೂಮಿಗೆ ಬರುತ್ತಾರೆ. 'ನೀನು ಕೂತ್ಕೊ, ನೀರು ನಾನೇ ತಕ್ಕೊಳ್ತೇನೆ' ಎಂದು ಫ್ರಿಜ್ಜು ತೆರೆದು ಬಾಟಲಿ ಎಣಿಸುತ್ತಾರೆ. ಪುರಾಣದಲ್ಲಿ ಹುಡುಗಿಗಾಗಿ ಬಿಲ್ಲು ಮುರಿದವರಿದ್ದಾರೆ, ಮೀನಿನ ಕಣ್ಣಿಗೆ ಬಾಣ ಬಿಟ್ಟವರಿದ್ದಾರೆ. ಮಾವನ ಚೆಂಡು ಹಿಡಿಯಬೇಕೋ ಬಿಡಬೇಕೋ ಎಂಬುದಕ್ಕೆ ಮಾತ್ರ ಅಲ್ಲೂ ಆಧಾರ ಸಿಗಲಿಲ್ಲ.

"ಬಿಟ್ಟುಬಿಡು ಮಾರಾಯಾ," ಎಂದೆ ನಾನು. "ಒಂದು ಗೋಲು ಹೋದ್ರೆ ಹೆಂಡತಿ ಬರ್ತಾಳೆ. ನಷ್ಟ ಎಂತ ಉಂಟು?"

ಶೆಟ್ಟರು ಕೆರಳಿದರು. "ಗೋಲು ಕಾಯ್ಲಿಕ್ಕೆ ಆಗದವ ಸಂಸಾರ ಎಂತ ಕಾಯ್ತಾನೆ ಅಂತ ಅವರು ಕೇಳಿದ್ರೆ?"

ಲ್ಯಾನ್ಸಿ ಕಿಟಕಿಯಾಚೆ ನೋಡುತ್ತಾ, "ಇದೂ ತಪ್ಪಿದ್ರೆ ನಾನು ಇನ್ನು ಯಾರ ಫೋಟೋವನ್ನೂ ನೋಡುದಿಲ್ಲ" ಎಂದ. ನಮ್ಮ ನಗು ನಿಂತಿತು.

ಖರ್ಜೂರದ ತೋಟಗಳ ಹಿಂದೆ ಸುಣ್ಣದ ಗೆರೆ ಎಳೆದ ಮರಳೇ ಮೈದಾನ. ಸಿರಿಲ್ ಮಾಮನಿಗೆ ಹೊಟ್ಟೆ ಬಂದಿತ್ತು, ಕಾಲಿನ ಜೋರು ಹೋಗಿರಲಿಲ್ಲ. ಅವರು ಚೆಂಡು ಒದೆಯುವ ಸದ್ದಿಗೇ ಲ್ಯಾನ್ಸಿ ಬೆವರುತ್ತಿದ್ದ. ಪುಣ್ಯಕ್ಕೆ ಅವರು ಒದ್ದದ್ದೆಲ್ಲ ಕಂಬದಾಚೆ ಹೋಗಿ, ಕೊನೆಯವರೆಗೂ ಎರಡೂ ಕಡೆ ಸೊನ್ನೆಯೇ ಉಳಿಯಿತು. ಇನ್ನೇನು ಮುಗಿಯಿತು, ಇಬ್ಬರ ಮಾನವೂ ಉಳಿಯಿತು ಎಂದುಕೊಳ್ಳುವಾಗ ಮಾಮ ಚೆಂಡಿನೊಡನೆ ಗೋಲಿನತ್ತ ನುಗ್ಗಿದರು. ಶೆಟ್ಟರೊಳಗಿನ ಕಬಡ್ಡಿ ಎಚ್ಚರವಾಯಿತು. ಕೆಳಗೆ ಹಾರಿ, ಎರಡೂ ಕೈಗಳಿಂದ ಮಾಮನ ಕಣಕಾಲು ಹಿಡಿದೇಬಿಟ್ಟರು! ರೆಫರಿಯಾಗಿದ್ದ ಒಮಾನಿ ತರುಣ ಸೀಟಿ ಊದುವುದನ್ನೂ ಮರೆತು ನೋಡಿದ. ಆಮೇಲೆ ಪೆನಾಲ್ಟಿ ಕೊಟ್ಟ.

ಒದೆಯುವವರು ಮಾಮ, ತಡೆಯಬೇಕಾದವನು ಲ್ಯಾನ್ಸಿ. ನಾನು ಕದ್ರಿಯ ದೇವರಿಗೂ ಲ್ಯಾನ್ಸಿಯ ಇಗರ್ಜಿಗೂ ಒಟ್ಟಿಗೆ ಕೈಮುಗಿದೆ. ಮಾಮ ಓಡಿ ಬಂದರು, ಬಂದವರು ಕೊನೆಯ ಗಳಿಗೆಯಲ್ಲಿ ಮೆಲ್ಲಗೆ, ಮಗುವಿನ ತಲೆ ಸವರಿದ ಹಾಗೆ, ಚೆಂಡನ್ನು ಮುಟ್ಟಿದರು. ಆಗಲಿರುವ ಅಳಿಯನಿಗೆ ಎಲ್ಲರೆದುರು ಅವಮಾನ ಯಾಕೆಂದು ಅವರ ಲೆಕ್ಕಾಚಾರ. ಅಷ್ಟರಲ್ಲಿ ಲ್ಯಾನ್ಸಿ, ಹಿರಿಯರಿಗೆ ಗೋಲು ಸಿಗಲೆಂದು, ಚೆಂಡಿಲ್ಲದ ಕಡೆಗೆ ಭಕ್ತಿಯಿಂದ ಹಾರಿ ಮರಳಿನಲ್ಲಿ ಬಿದ್ದಿದ್ದ. ಚೆಂಡು ತೆವಳುತ್ತಾ ಬಂದು ಗೆರೆಗೆ ಗೇಣು ದೂರದಲ್ಲಿ ನಿಂತಿತು.

ಲ್ಯಾನ್ಸಿ ಎದ್ದು ನೋಡಿದ. ಚೆಂಡನ್ನು ಮುಟ್ಟಲಿಲ್ಲ.

"ಹಿಡಿ ಮಾರಾಯಾ," ಎಂದರು ಮಾಮ.

"ಬೇಡ ಅಂಕಲ್, ನೀವೇ ಹಾಕಿ."

"ಛೆ ಛೆ, ನನಗೆ ಎಂತಕ್ಕೆ?"

ಹೋಟೆಲಿನಲ್ಲಿ ಬಿಲ್ಲಿಗೆ ಜಗಳವಾಡುವ ನೆಂಟರ ಹಾಗೆ ಇಬ್ಬರೂ ನಿಂತರು. ಸಂಬಂಧದ ವಿಷಯ ಸಹಮಿನವರಿಗೂ ಗೊತ್ತಿತ್ತೋ ಏನೋ, ಅವರೂ ಅಲುಗಲಿಲ್ಲ. ರೆಫರಿ ಮಾತ್ರ "ಯಲ್ಲಾ! ಯಲ್ಲಾ!" ಎಂದು ಅವಸರಿಸುತ್ತಿದ್ದ. ಕಾಲು ಹಿಡಿದ ಪಾಪ ತೊಳೆದುಕೊಳ್ಳಲೆಂದು ಶೆಟ್ಟರು ಓಡಿಬಂದರು. ಚೆಂಡನ್ನು ಹೊರಗೆ ಅಟ್ಟಲು ಕಾಲೆತ್ತಿದರು, ಮರಳಿನಲ್ಲಿ ಜಾರಿದರು, ಚೆಂಡಿನ ಸಮೇತ ನಮ್ಮದೇ ಗೋಲಿನೊಳಗೆ ಹೋಗಿ ಬಿದ್ದರು. ಖಲಾಸ್. ಪಂದ್ಯ ಮುಗಿಯಿತು.

ಬಸ್ಸು ಹತ್ತಿದೆವು. ಸುಕ್ಕದ ಪಾತ್ರೆಯನ್ನು ತೆರೆಯುವ ಮನಸ್ಸು ನನಗೂ ಬರಲಿಲ್ಲವೆಂದರೆ ದುಃಖದ ಆಳ ನಿಮಗೆ ತಿಳಿದೀತು. ಆಗ ಸಿರಿಲ್ ಮಾಮ ಏದುಸಿರು ಬಿಡುತ್ತಾ ಕಿಟಕಿಯ ಬಳಿ ಬಂದರು. ನಮಗೂ ತಿಳಿಯಲೆಂದೋ ಏನೋ, ಕೊಂಕಣಿ ಬಿಟ್ಟು ಕನ್ನಡದಲ್ಲೇ ಹೇಳಿದರು:

"ನೋಡು ಲ್ಯಾನ್ಸಿ, ನಾನು ಮೆಲ್ಲ ಒದ್ದದ್ದನ್ನು ಮದುವೆ ಆದ ಮೇಲೆ ಅವಳಿಗೆ ಹೇಳ್ಬೇಡ. ನೀನು ಬೇಕಂತಲೇ ಬಿಟ್ಟದ್ದನ್ನು ನಾನೂ ಹೇಳುದಿಲ್ಲ."

ಬಸ್ಸಿನಲ್ಲಿ ಎದ್ದ ಬೊಬ್ಬೆಗೆ ತೋಟದ ಹಕ್ಕಿಗಳೆಲ್ಲ ಹಾರಿಹೋದವು. ಲ್ಯಾನ್ಸಿ ಅಳುತ್ತಿದ್ದ, ನಗುತ್ತಿದ್ದ. ನನ್ನ ಕಣ್ಣೂ ಒದ್ದೆಯಾಗಿತ್ತು. ಪಂದ್ಯದುದ್ದಕ್ಕೂ ಸ್ಟೇರಿಂಗಿಗೆ ತಲೆಯೊರಗಿಸಿ ಮಲಗಿದ್ದ ಪಠಾಣ ಡ್ರೈವರ್ ಗಡಬಡಿಸಿ ಎದ್ದು ಹಿಂತಿರುಗಿ ನೋಡಿದ.

"ಜೀತ್ ಗಯೇ ಕ್ಯಾ, ಸಾಬ್?"

ಮೈಯಿಡೀ ಮರಳು ಮೆತ್ತಿಕೊಂಡು ಕೂತಿದ್ದ ಶೆಟ್ಟರು ಎದೆ ಸೆಟೆಸಿ ಹೇಳಿದರು:

"ಏಕ್ ಗೋಲ್ ಸೇ. ಮೈಂ ನೇ ಮಾರಾ."